ಪುಕ್ಕಟೆ ಬೇರೆ, ಮುಕ್ತ ಬೇರೆ

ಕಚೇರಿ, ಶಾಲೆ, ಲೈಬ್ರರಿಗಳಲ್ಲಿ ಮುಕ್ತ ತಂತ್ರಾಂಶ ಬಳಸಿ ಎಂದರೆ ಕೇಳಿದವರಿಗೆ ಮೊದಲು ಹೊಳೆಯುವುದು ‘ಪುಕ್ಕಟೆ ಸಿಗುತ್ತದೆ’ ಎಂಬುದು. ಅದರ ಬೆನ್ನಿಗೇ ‘ಪುಕ್ಕಟೆಯದ್ದು ಎಷ್ಟು ದಿನ ಬಾಳೀತು’ ಎಂಬ ಅನುಮಾನ. ಎರಡೂ ತಪ್ಪು ಎಣಿಕೆಯೇ. ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ, ಕನ್ನಡ ಬೆರಳಚ್ಚಿನ ತಂತ್ರಾಂಶ ‘ನುಡಿ’ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ, ಸರ್ಕಾರ ತನ್ನ ಕಚೇರಿಗಳಿಗೆ ಗೊತ್ತುಮಾಡಿದ ನುಡಿಗೆ ಯಾರೂ ಬಿಡಿಗಾಸು ಕೊಡಬೇಕಿರಲಿಲ್ಲ. ಆದರೆ ಕೈಗೆ ಬಂದದ್ದು ತಂತ್ರಾಂಶ ಮಾತ್ರ. ಅದರ ಒಳಗನ್ನು ಓದುವ, ತಿದ್ದುವ, ತಿದ್ದಿದ್ದನ್ನು ಹಂಚುವ ಹಕ್ಕು, ಅಂದರೆ ತಂತ್ರಾಂಶವೊಂದನ್ನು ‘ಮುಕ್ತ’ವಾಗಿಸುವ ಹಕ್ಕು, ಬರಲಿಲ್ಲ. ನುಡಿಯ ಹಳೆಯ ‘ನುಡಿ 01 ಇ’ ಫಾಂಟಿನಲ್ಲಿ ಬೆರಳಚ್ಚಾದ ಒಂದು ಠರಾವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡ ಇರಬೇಕಾದಲ್ಲಿ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಹೆಸರೊಂದನ್ನು ಹುಡುಕಿದರೆ ಸಿಗುವುದಿಲ್ಲ. ಮುಂದೆ ಸರ್ಕಾರವೇ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡಿಗೆ ಹೊರಳಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಸಾಧನವೊಂದನ್ನು ತಂತ್ರಾಂಶಕಾರ ಅರವಿಂದ ವಿ.ಕೆ. ಬರೆದು, ಮೂಲಸಂಕೇತ (ಸೋರ್ಸ್ ಕೋಡ್) ಸಮೇತ ಎಲ್ಲರ ಮುಂದಿಟ್ಟರು. ಹಾಗಾಗಿ ಬೆಲೆಗಿಂತ ಮೊದಲು ಕೇಳಬೇಕಾದದ್ದು ಒಂದಿದೆ: ಸಾರ್ವಜನಿಕ ಕಡತದ ಕೀಲಿಕೈ ಯಾರ ಹತ್ತಿರ ಇರಬೇಕು?

ಇದೆಲ್ಲ ಬೆಂಗಳೂರಿನ ಇಂಜಿನಿಯರುಗಳ ಆಟ, ಮಲೆನಾಡಿನ ಕಚೇರಿಗೆ ಒಗ್ಗದು ಎನ್ನುವವರಿದ್ದಾರೆ. ಅವರು ಸಾಗರ, ಹೊಸನಗರ, ತೀರ್ಥಹಳ್ಳಿಯ ನ್ಯಾಯಾಲಯಗಳ ಕಡೆ ಒಮ್ಮೆ ನೋಡಬೇಕು. ತೋಟದ ಗಡಿ ತಕರಾರಿನ ದಾವೆ ಹೂಡಿದವರು ಮುಂದಿನ ವಾಯಿದೆ ಯಾವತ್ತೆಂದು ಈಗ ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ಆ ಮಾಹಿತಿಯ ಹಿಂದಿರುವ ಇ-ಕೋರ್ಟ್ಸ್ ಪ್ರಕರಣ ವ್ಯವಸ್ಥೆಯನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಕಟ್ಟಿದ್ದು ಮುಕ್ತ ತಂತ್ರಾಂಶದ ಮೇಲೆ. ನ್ಯಾಯಾಧೀಶರ ಲ್ಯಾಪ್‌ಟಾಪುಗಳಿಗೂ ವಿಂಡೋಸಿನ ಬದಲು ಲಿನಕ್ಸಿನ ಒಂದು ರೂಪವಾದ ಉಬುಂಟು ಹಾಕಿಕೊಟ್ಟಿದ್ದಾರೆ. ಲಿನಕ್ಸ್ ಹೆಸರು ಕೇಳದವರೂ ಅದನ್ನು ಬಳಸಿದ್ದಾರೆ ಎಂದಾಯಿತು. ಇನ್ನು ಮಕ್ಕಳ ಮಾತು. ಕೇರಳದ ಸರ್ಕಾರಿ ಶಾಲೆಗಳು ದಶಕಕ್ಕೂ ಹಿಂದೆಯೇ ಗ್ನೂ/ಲಿನಕ್ಸ್ ಹಿಡಿದವು. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಅದರಲ್ಲೇ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಆಗುವುದು ಈಚೆಯವರಿಗೆ ಆಗದು ಎನ್ನಲು ಕಾರಣ ನನಗಂತೂ ಕಾಣುವುದಿಲ್ಲ. ಸರ್ಕಾರದ ಒಪ್ಪಿಗೆ ಇಲ್ಲ ಎಂಬ ನೆಪವೂ ನಿಲ್ಲದು: ಕೇಂದ್ರದ 2015ರ ನೀತಿ ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಕೊಡಿ ಎಂದಿದೆ.

ಮುಕ್ತ ತಂತ್ರಾಂಶಕ್ಕೆ ಎದುರಾಗುವ ಗಟ್ಟಿ ಆಕ್ಷೇಪವೆಂದರೆ ಜರ್ಮನಿಯ ಮ್ಯೂನಿಕ್ ನಗರದ ಉದಾಹರಣೆ. 2003ರಲ್ಲಿ ಲಿನಕ್ಸಿಗೆ ಹೊರಟ ಆ ನಗರಾಡಳಿತ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಇದನ್ನು ಮುಚ್ಚಿಡಬೇಕಿಲ್ಲ. ತರಬೇತಿ, ನಿರ್ವಹಣೆಗೆ ದುಡ್ಡು ಬೇಕು, ಮೇಲೆ ಕೂತವರ ಮನಸ್ಸೂ ಬೇಕು. ‘ಖರ್ಚೇ ಇಲ್ಲ’ ಎಂದು ಆಸೆ ಹುಟ್ಟಿಸುವ ಉತ್ಸಾಹಿಗಳು ಈ ಚಳವಳಿಗೆ ಉಪಕಾರ ಮಾಡುತ್ತಿಲ್ಲ. ಆದರೆ ಅದೇ ಮ್ಯೂನಿಕ್ಕಿನ ಹೊಸ ಆಡಳಿತ 2020ರಲ್ಲಿ ಸಾಧ್ಯವಾದಲ್ಲೆಲ್ಲ ಮತ್ತೆ ಮುಕ್ತ ತಂತ್ರಾಂಶವೇ ಎಂದಿತು. ಖರ್ಚಿನ ದಾರಿಯೂ ಬೇರೆ: ಲೈಸೆನ್ಸಿಗೆ ಹೋಗುವ ಹಣ ಹೊರದೇಶ ಸೇರುತ್ತದೆ, ದುರಸ್ತಿಗೆ ಕೊಟ್ಟದ್ದು ಸಾಗರ ಪೇಟೆಯ ಹುಡುಗನ ಕೈ ಸೇರಬಹುದು. ಮೂಲಸಂಕೇತ ತೆರೆದಿದ್ದರೆ ಕಳ್ಳರಿಗೆ ಸುಲಭ ಎಂಬ ಭಯವೂ ಅರ್ಧ ಸತ್ಯ. 2014ರ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಮುಕ್ತ ತಂತ್ರಾಂಶದಲ್ಲೇ ಇತ್ತು. 2017ರಲ್ಲಿ ಆಸ್ಪತ್ರೆಗಳ ಕೆಲಸಕ್ಕೇ ಅಡ್ಡಿಯಾದ ವನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ವಿಂಡೋಸಿಗೆ. ಕಾಲಕಾಲಕ್ಕೆ ಅಪ್‌ಡೇಟ್ ಮಾಡದಿದ್ದರೆ ಎರಡೂ ಒಂದೇ.

ಮಲೆನಾಡಿನ ವರದಹಳ್ಳಿಯಂಥ ಊರಿನ ಪಂಚಾಯಿತಿಯಾಗಲಿ ಲೈಬ್ರರಿಯಾಗಲಿ ನಾಳೆಯೇ ವಿಂಡೋಸ್ ಕಿತ್ತೆಸೆಯಬೇಕಿಲ್ಲ. ಬರಹ, ಲೆಕ್ಕಪತ್ರದ ಮುಕ್ತ ತಂತ್ರಾಂಶ ಲಿಬ್ರೆಆಫೀಸ್ ವಿಂಡೋಸಿನ ಮೇಲೂ ನಡೆಯುತ್ತದೆ, ಆಷಾಢದ ಮಳೆಗೆ ನೆಟ್‌ವರ್ಕ್ ಹೋದಾಗಲೂ ನಡೆಯುತ್ತದೆ. ಮುಂದಿನ ಗ್ರಾಮಸಭೆಗೆ ಹೋದಾಗ ಇಷ್ಟು ಕೇಳಿ: ನಡಾವಳಿಯನ್ನು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿ, ಓಡಿಎಫ್ ಎಂಬ ಮುಕ್ತ ಮಾದರಿಯ ಕಡತವಾಗಿ ಉಳಿಸಿ. ಅದಕ್ಕೆ ಟೆಂಡರ್ ಕರೆಯಬೇಕಿಲ್ಲ.