ಮೇಲ್‌ನಲ್ಲಿ ಬಂದ ವಿಚಿತ್ರ ಅಕ್ಷರಗಳು: ವೈರಸ್ಸೋ, ರಹಸ್ಯ ಕೋಡೋ?

ತೊಗರಿ ಬೆಳೆ ವಿಮೆಯ ರಸೀದಿ ಇಮೇಲ್‌ನಲ್ಲಿ ಬರುತ್ತದೆ ಅಂತ ಕಾಯುತ್ತಿದ್ದೀರಿ. ತೆರೆದು ನೋಡಿದರೆ ಫೈಲ್ ಇಲ್ಲ, ಪುಟಗಟ್ಟಲೆ ಇಂಗ್ಲಿಷ್ ಅಕ್ಷರ, ಅಂಕಿಗಳ ರಾಶಿ. ಇದರ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದರೆ ಒಬ್ಬರು ‘ವೈರಸ್’ ಅನ್ನುತ್ತಾರೆ, ಇನ್ನೊಬ್ಬರು ‘ಸೀಕ್ರೆಟ್ ಕೋಡ್, ಯಾರಿಗೂ ಓದೋಕಾಗಲ್ಲ’ ಅನ್ನುತ್ತಾರೆ. ಎರಡನೆಯ ಮಾತೇ ಹೆಚ್ಚು ಅಪಾಯದ್ದು.

ಇದರ ಹೆಸರು ಬೇಸ್64. ಹಳೆಯ ಕಂಪ್ಯೂಟರ್‌ಗಳ ನಡುವಿನ ಮೇಲ್ ವ್ಯವಸ್ಥೆ ಇಂಗ್ಲಿಷ್ ಪಠ್ಯಕ್ಕೆಂದೇ ಆಗಿದ್ದದ್ದು. ಫೋಟೊ, ಪ್ರೋಗ್ರಾಂ ಕಳಿಸಿದರೆ ದಾರಿಯಲ್ಲೇ ಕೆಡುತ್ತಿದ್ದವು. ಅದಕ್ಕೆ ಫೈಲನ್ನೇ ಅಕ್ಷರಗಳಾಗಿ ಬರೆದು ಕಳಿಸುವ ಉಪಾಯ ಬಂತು. 1980ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಮೇರಿ ಆನ್ ಹಾರ್ಟನ್ ‘ಯುಯುಎನ್‌ಕೋಡ್’ ಬರೆದರು. 1992ರಲ್ಲಿ ಬಂದ ಮೈಮ್ ನಿಯಮಗಳು ಇಮೇಲ್‌ಗೆ ಬೇಸ್64 ತಂದವು. ನಿಮ್ಮ ಅಟ್ಯಾಚ್‌ಮೆಂಟ್ ಇಂದಿಗೂ ಬಹುತೇಕ ಹೀಗೇ ಸಾಗುತ್ತದೆ. ಮೇಲ್ ಆ್ಯಪ್ ಅದನ್ನು ಮತ್ತೆ ಫೈಲ್ ಮಾಡಿ ತೋರಿಸುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೇ.

ಲೆಕ್ಕ ಸರಳ. ಕಂಪ್ಯೂಟರ್ ನಮ್ಮ ‘ಅ’ವನ್ನು 3 ಬೈಟ್‌ಗಳಲ್ಲಿ, ಅಂದರೆ 24 ಸೊನ್ನೆ-ಒಂದುಗಳಲ್ಲಿ ಇಡುತ್ತದೆ. ಅವನ್ನು ಆರಾರರಂತೆ ನಾಲ್ಕು ತುಂಡು ಮಾಡಿ. ಆರು ಬಿಟ್‌ಗಳಿಂದ 64 ಸಂಖ್ಯೆ ಆಗುತ್ತವೆ. ಒಂದೊಂದಕ್ಕೂ ಒಂದು ಚಿಹ್ನೆ ಗೊತ್ತುಮಾಡಿದೆ. ‘ಅ’ ಆಗ ‘4, ಎಲ್, ಕೆ, ಎಫ್’ ಆಗುತ್ತದೆ. ಮೂರು ನಾಲ್ಕಾಗುವುದರಿಂದ 3 ಎಂಬಿ ಫೈಲ್ ಸುಮಾರು 4 ಎಂಬಿ ಆಗಿ ಹೋಗುತ್ತದೆ.

ಮಜಾ ಇಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿ, ಯಾವ ಹೆಸರನ್ನು ಬೇಸ್64 ಮಾಡಿದರೂ ಶುರು ‘4, ಎಲ್, ಕೆ’. ‘ಆಳಂದ’ದಲ್ಲಿ ಅದು ನಾಲ್ಕು ಸಲ ಬರುತ್ತದೆ. ರಾಶಿಯ ಆರಂಭದಲ್ಲಿ ಅದೇ ಮತ್ತೆ ಮತ್ತೆ ಕಂಡರೆ ಒಳಗಿರುವುದು ಬಹುತೇಕ ಕನ್ನಡ. ‘ಜೆ, ವಿ, ಬಿ, ಇ, ಆರ್’ ಎಂದು ಶುರುವಾದರೆ ಪಿಡಿಎಫ್. ಕಣ್ಣಲ್ಲೇ ಇಷ್ಟು ಗೊತ್ತಾಗುವುದು ಎಂಥ ರಹಸ್ಯ? ಇದಕ್ಕೆ ಬೀಗವೂ ಇಲ್ಲ, ಪಾಸ್‌ವರ್ಡೂ ಇಲ್ಲ.

ಹಾಗಾಗಿ ರಸೀದಿಯ ಆ ರಾಶಿಯನ್ನು ಯಾರಿಗೂ ತಿಳಿಯದು ಅಂತ ಗ್ರೂಪಿಗೆ ಪೂರ್ತಿ ಕಾಪಿ ಮಾಡಿ ಹಾಕಿದರೆ, ನಿಮ್ಮ ಹೆಸರು, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಏನಿದೆಯೋ ಅದನ್ನೆಲ್ಲ ಹಂಚಿದಂತೆಯೇ. ಬಿಡಿಸಿ ಕೊಡುವ ಗುರುತಿಲ್ಲದ ವೆಬ್‌ಸೈಟ್‌ಗೂ ಹಾಕಬೇಡಿ. ಇನ್ನು ವೈರಸ್ಸಿನ ಮಾತು: ಬರೀ ಅಕ್ಷರ ಓದಿದರೆ ಫೋನಿಗೆ ಏನೂ ಆಗದು, ಆದರೆ ಕೆಟ್ಟ ಫೈಲನ್ನೂ ಹೀಗೆ ಬರೆಯಬಹುದು. ಕಳಿಸಿದವರು ಗೊತ್ತಿದ್ದರೆ ಇನ್ನೊಮ್ಮೆ ಅಟ್ಯಾಚ್ ಮಾಡಿ ಕಳಿಸಲು ಹೇಳಿ. ಗೊತ್ತಿಲ್ಲದಿದ್ದರೆ ಡಿಲೀಟ್.