ಹಸಿ ಬರೆಹದ ಧೈರ್ಯ

ಬರೆದುದನ್ನು ತಿದ್ದಿ ಮುಗಿಸದೆ ಪರರ ಕೈಗಿಡಲು ಯಾರಿಗೂ ಅಳುಕುಂಟು. 1991ರ ಸೆಪ್ಟೆಂಬರಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ಆ ಅಳುಕನ್ನು ಮೀರಿದರು. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾಗಿ ಅವರು ಹೊರತಂದ ‘ಲಿನಕ್ಸ್ 0.01’ ಇನ್ನೂ ಸ್ವಂತ ಕಾಲಮೇಲೆ ನಿಲ್ಲಲಾರದ ಶಿಶು. ಅದನ್ನು ಸ್ಥಾಪಿಸಬೇಕಾದರೆ ಯಂತ್ರದಲ್ಲಿ ಮೊದಲೇ ಮಿನಿಕ್ಸ್ ಇರಬೇಕು. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಟನೆನ್‌ಬಾಮ್ ಪಾಠಕ್ಕೆಂದೇ ರಚಿಸಿದ ತಂತ್ರಾಂಶವದು. ಶಿಶು ಹುಟ್ಟಿದ್ದು ಗುರುವಿನ ಮನೆಯಲ್ಲೇ! ತನ್ನ ಡಿಸ್ಕಿನ ಅಳತೆಯನ್ನು ಮೂಲಪಾಠದಲ್ಲಿ ಬರೆದು, ಫಿನ್ನಿಷ್ ಕೀಲಿಮಣೆಯ ವಿನ್ಯಾಸವನ್ನು ಬೇಕಾದಂತೆ ತಿದ್ದಿ, ಎಲ್ಲವನ್ನೂ ಯಂತ್ರಭಾಷೆಗೆ ಇಳಿಸಬೇಕು. ತಪ್ಪಿದರೆ ಡಿಸ್ಕಿನಲ್ಲಿದ್ದುದೆಲ್ಲ ಅಳಿದೀತು. ಆದರೂ ಮುಂದಿನ ಆವೃತ್ತಿಗಳನ್ನು ಸ್ಥಾಪಿಸಿಕೊಂಡವರು ದೋಷಗಳನ್ನೆತ್ತಿ ತೋರಿದರು, ತಿದ್ದುಪಡಿಗಳನ್ನೂ ಕಳುಹಿದರು. 1994ರ ಮಾರ್ಚಿನಲ್ಲಿ 1.0 ಸಿದ್ಧವಾಯಿತು. ಹಸಿ ಬರೆಹವನ್ನು ತೋರಲು ನಾಚುವ ವಿದ್ಯಾರ್ಥಿಗೂ, ದೋಷವನ್ನಷ್ಟೇ ಎಣಿಸುವ ಅಧ್ಯಾಪಕನಿಗೂ ಇದಕ್ಕಿಂತ ಒಳ್ಳೆಯ ಪಾಠವುಂಟೆ?