ಒಂಟಿ ಹಾಯಿ, ಮುಗಿಯದ ದುರಸ್ತಿ

ಅನಕಾಪಲ್ಲಿ ಎಂದೊಡನೆ ನೆನಪಾಗುವುದು ಅಲ್ಲಿಯ ಬೆಲ್ಲದ ಮಂಡಿ. ಊರು ಬಿಟ್ಟು ಅಚ್ಯುತಾಪುರದ ಮೇಲೆ ಹಾದು ಪೂಡಿಮಡಕದ ದಂಡೆಗೆ ಬಂದರೆ ಈ ಜಿಲ್ಲೆಗೆ ಕಡಲೂ ಇದೆ ಎಂಬುದು ಗೊತ್ತಾಗುತ್ತದೆ. ಮೀನುಗಾರರ ದೋಣಿಗಳ ಆಚೆ ಬಂಗಾಳ ಕೊಲ್ಲಿ. ಇಲ್ಲಿಂದ ನೆಟ್ಟಗೆ ದಕ್ಷಿಣಕ್ಕೆ ಹೊರಟವರಿಗೆ ಶ್ರೀಲಂಕಾ ಬಲಗಡೆಗೆ ಉಳಿದುಬಿಡುತ್ತದೆ. ಆಮೇಲೆ ಅಂಟಾರ್ಕ್ಟಿಕಾವರೆಗೆ ಅಂಗೈ ಅಗಲ ನೆಲವೂ ಅಡ್ಡ ಬರುವುದಿಲ್ಲ. ಬರೀ ನೀರು.

ಆ ದಕ್ಷಿಣದ ನೀರಿನಿಂದ 2018ರ ಅಕ್ಟೋಬರ್ 6ರಂದು ಒಬ್ಬ ಗಾಯಾಳುವನ್ನು ಹೊತ್ತು ಐಎನ್‌ಎಸ್ ಸಾತ್ಪುರ ಯುದ್ಧನೌಕೆ ಪಕ್ಕದ ವಿಶಾಖಪಟ್ಟಣಕ್ಕೆ ಬಂತು. ಬೆನ್ನುಮೂಳೆ ಮುರಿದುಕೊಂಡಿದ್ದ ಕಮಾಂಡರ್ ಅಭಿಲಾಷ್ ಟೋಮಿ ಅವರನ್ನು ನೌಕಾಪಡೆಯ ಐಎನ್‌ಎಚ್‌ಎಸ್ ಕಲ್ಯಾಣಿ ಆಸ್ಪತ್ರೆಗೆ ಸೇರಿಸಿದರು. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಅವರು ಸ್ಪರ್ಧಿಸುತ್ತಿದ್ದರು.

ಈ ಪಂದ್ಯದ ಮೂಲ 1968ರಲ್ಲಿದೆ. ಎಲ್ಲೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಒಬ್ಬರೇ ಭೂಮಿ ಸುತ್ತಿ ಬರಬಲ್ಲರೇ ಎಂಬ ಸವಾಲಿಗೆ ಅಂದು ಒಂಬತ್ತು ಮಂದಿ ಹೊರಟರು. ಮುಗಿಸಿದ್ದು ಒಬ್ಬರೇ: ರಾಬಿನ್ ನಾಕ್ಸ್-ಜಾನ್‌ಸ್ಟನ್, 312 ದಿನಗಳಲ್ಲಿ. ಅವರ 32 ಅಡಿಯ ದೋಣಿ 'ಸುಹೈಲಿ' ತಯಾರಾದದ್ದು ಮುಂಬೈನಲ್ಲಿ, ತೇಗದ ಮರದಲ್ಲಿ. 2018ರಲ್ಲಿ ಪಂದ್ಯ ಮತ್ತೆ ಶುರುವಾದಾಗ ನಿಯಮಗಳೂ ಆ ಕಾಲದವೇ ಆದವು. ಜಿಪಿಎಸ್ ನೋಡುವಂತಿಲ್ಲ. ಕಾಗದದ ನಕ್ಷೆ ಹರಡಿ, ಸೆಕ್ಸ್‌ಟೆಂಟ್‌ನಿಂದ ಸೂರ್ಯನ ಎತ್ತರ ಅಳೆದು, ಗಡಿಯಾರ ನೋಡಿ ಲೆಕ್ಕ ಹಾಕಿಯೇ ತಾವಿರುವ ಜಾಗ ತಿಳಿಯಬೇಕು. ಮೋಡ ಕವಿದರೆ ಅಂದಾಜೇ ಗತಿ.

ಹೊರಗಿನಿಂದ ನೋಡುವವರಿಗೆ ಇದು ಅಲೆಗಳೊಂದಿಗಿನ ಕಾದಾಟದಂತೆ ಕಾಣುತ್ತದೆ. ಧೈರ್ಯ ಬೇಕು, ನಿಜ. ಆದರೆ ಈ ನಾವಿಕರ ವೃತ್ತಾಂತಗಳನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದದ್ದು, ಒಂಟಿ ಯಾನದ ನಿಜವಾದ ವಿದ್ಯೆ ದುರಸ್ತಿ ಎಂಬುದು. ಉಪ್ಪುನೀರು ಬಿಡುವಿಲ್ಲದೆ ದೋಣಿಯನ್ನು ತಿನ್ನುತ್ತಿರುತ್ತದೆ. ಹಗ್ಗ ಸವೆಯುತ್ತದೆ, ಹಾಯಿ ಹರಿಯುತ್ತದೆ, ತಿರುಪು ಸಡಿಲವಾಗುತ್ತದೆ. ಹೊಲಿಯುವವರೂ ಬಿಗಿಯುವವರೂ ಒಬ್ಬರೇ.

ಹಾಗಾದರೆ ಅವರು ಮಲಗಿದಾಗ ಚುಕ್ಕಾಣಿ ಹಿಡಿಯುವುದು ಯಾರು? ಅದಕ್ಕೇ ವಿಂಡ್‌ವೇನ್ ಎಂಬ ಸಾಧನವಿದೆ. ದೋಣಿಯ ಹಿಂಭಾಗದಲ್ಲಿ ಒಂದು ತೆಳ್ಳನೆಯ ಹಲಗೆಯನ್ನು ಅಂಚು ಗಾಳಿಗೆ ಎದುರಾಗುವಂತೆ ನಿಲ್ಲಿಸಿರುತ್ತಾರೆ. ದೋಣಿ ದಿಕ್ಕು ಬದಲಿಸಿತೋ, ಗಾಳಿ ಹಲಗೆಯ ಮಗ್ಗುಲಿಗೆ ಬಡಿದು ಅದನ್ನು ವಾಲಿಸುತ್ತದೆ. ಹಲಗೆ ವಾಲಿದಾಗ ಕೆಳಗೆ ನೀರಿಗೆ ಇಳಿಬಿಟ್ಟ ಹುಟ್ಟು ತುಸು ತಿರುಗುತ್ತದೆ. ತಿರುಗಿದ ಹುಟ್ಟನ್ನು ಹರಿಯುವ ನೀರು ಪಕ್ಕಕ್ಕೆ ದೂಡುತ್ತದೆ. ಅದಕ್ಕೆ ಕಟ್ಟಿದ ಹಗ್ಗಗಳು ಚುಕ್ಕಾಣಿಯನ್ನು ಎಳೆದು ದೋಣಿಯನ್ನು ದಾರಿಗೆ ತರುತ್ತವೆ. ವಿದ್ಯುತ್ ಬೇಡ, ಇಂಧನ ಬೇಡ. ಇಷ್ಟು ಸರಳವಾದ, ಇಷ್ಟು ಜಾಣತನದ ಯಂತ್ರವನ್ನು ನಾನು ಹೆಚ್ಚು ಕಂಡಿಲ್ಲ. ಅದು ಕೆಟ್ಟರೆ ಮಾತ್ರ ನಿದ್ದೆಯೂ ಹೋಯಿತು, ಪಂದ್ಯವೂ ಹೋಯಿತು.

ಭಾರತದಲ್ಲಿ ಈ ಕಸುಬಿಗೆ ತೊಟ್ಟಿಲಾದದ್ದು ಗೋವಾ. ನಿವೃತ್ತ ವೈಸ್ ಅಡ್ಮಿರಲ್ ಮನೋಹರ್ ಅವಟಿ ಅವರ ಕನಸಿಗೆ ದಿವಾರ್ ದ್ವೀಪದ ಸಣ್ಣ ದೋಣಿ ಕಾರ್ಖಾನೆಯೊಂದರಲ್ಲಿ ರತ್ನಾಕರ್ ದಾಂಡೇಕರ್ ರೂಪ ಕೊಟ್ಟರು. 56 ಅಡಿಯ ಆ ದೋಣಿಯ ಹೆಸರು 'ಮಹದಾಯಿ'. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗುವ ನದಿಯ ಹೆಸರೇ ಅದು. ನಾವು ಅದನ್ನು ಹೆಚ್ಚಾಗಿ ಕೇಳಿದ್ದು ನೀರಿನ ವ್ಯಾಜ್ಯದಲ್ಲಿ. ಆ ದೋಣಿಯಲ್ಲಿ ದಿಲೀಪ್ ದೊಂದೆ 2009–10ರಲ್ಲಿ ನಾಲ್ಕು ಬಂದರುಗಳಲ್ಲಿ ತಂಗಿ ಭೂಮಿ ಸುತ್ತಿದರು. ಒಬ್ಬರೇ ಸುತ್ತಿದ ಮೊದಲ ಭಾರತೀಯ. 2012–13ರಲ್ಲಿ ಟೋಮಿ ಎಲ್ಲೂ ನಿಲ್ಲದೆ ಸುತ್ತಿ ಮುಂಬೈಗೆ ಮರಳಿದರು.

ವಿಶಾಖಪಟ್ಟಣಕ್ಕೂ ಇದರಲ್ಲಿ ಪಾಲಿದೆ. ಅಲ್ಲಿಯವರಾದ ಸ್ವಾತಿ ಪಾತರ್ಲಪಲ್ಲಿ, ವರ್ತಿಕಾ ಜೋಶಿ ನೇತೃತ್ವದ ಆರು ನೌಕಾ ಮಹಿಳಾ ಅಧಿಕಾರಿಗಳ ತಂಡದಲ್ಲಿದ್ದರು. 'ತಾರಿಣಿ' ಎಂಬ ದೋಣಿಯಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಗೋವಾ ಬಿಟ್ಟವರು ಮರಳಿದ್ದು 2018ರ ಮೇ ತಿಂಗಳಲ್ಲಿ. ಚುಕ್ಕಾಣಿ ಕೈಕೊಟ್ಟು, ಯೋಜನೆಯಲ್ಲಿ ಇಲ್ಲದ ಮಾರಿಷಸ್‌ನಲ್ಲಿ ಅವರೂ ದುರಸ್ತಿಗೆ ನಿಲ್ಲಬೇಕಾಯಿತು.

ಟೋಮಿ 2018ರ ಪಂದ್ಯಕ್ಕೆ ಒಯ್ದದ್ದು ಗೋವಾದಲ್ಲೇ ಕಟ್ಟಿದ 'ತುರಿಯಾ'; ಸುಹೈಲಿಯ ಮಾದರಿಯದೇ ದೋಣಿ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಚಂಡಮಾರುತ ಹಿಡಿಯಿತು. ಗಾಳಿ 70 ನಾಟ್, ಅಂದರೆ ಗಂಟೆಗೆ ಸುಮಾರು 130 ಕಿಲೋಮೀಟರ್. ಅಲೆಗಳ ಎತ್ತರ ಸುಮಾರು 14 ಮೀಟರ್. ನಲವತ್ತನೆಯ ಅಕ್ಷಾಂಶದ ಆಸುಪಾಸಿನ ಆ ಕಡಲಿನಲ್ಲಿ ಗಾಳಿಯನ್ನು ತಡೆಯುವ ನೆಲವೇ ಇಲ್ಲದ್ದರಿಂದ ಅಲೆ ಬೆಳೆಯುತ್ತಲೇ ಹೋಗುತ್ತದೆ. ತುರಿಯಾ ಮಗುಚಿ ಎದ್ದಿತು, ಹಾಯಿಕಂಬ ಮುರಿಯಿತು. ಬೆನ್ನಿಗೆ ಪೆಟ್ಟಾಗಿದೆ, ಏಳಲಾಗುತ್ತಿಲ್ಲ ಎಂದು ಟೋಮಿ ಉಪಗ್ರಹದ ಮೂಲಕ ಸಂದೇಶ ಕಳಿಸಿದರು. ಆಸ್ಟ್ರೇಲಿಯಾದ ಪರ್ತ್ ಅಲ್ಲಿಂದ ಸುಮಾರು 1,900 ನಾಟಿಕಲ್ ಮೈಲಿ. ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರ ಕಂಬವೂ ಅದೇ ಬಿರುಗಾಳಿಗೆ ಮುರಿದಿತ್ತು. ಆದರೂ ಅವರು ಕೈಗೆ ಸಿಕ್ಕಿದ್ದರಲ್ಲಿ ಹಾಯಿ ಕಟ್ಟಿಕೊಂಡು ಟೋಮಿಯ ಕಡೆಗೇ ಹೊರಟರು. ಸ್ಪರ್ಧಿಗಳ ನಡುವಿನ ಈ ಋಣ ನನ್ನ ಮಟ್ಟಿಗೆ ಪಂದ್ಯಕ್ಕಿಂತ ದೊಡ್ಡದು. ನಮ್ಮ ನೌಕಾಪಡೆಯ ಪಿ-8ಐ ವಿಮಾನ ದೋಣಿಯನ್ನು ಗುರುತಿಸಿತು. ಫ್ರಾನ್ಸ್‌ನ ಮೀನುಗಾರಿಕಾ ಗಸ್ತು ಹಡಗು 'ಒಸಿರಿಸ್' 24ರಂದು ಟೋಮಿಯನ್ನು ಎತ್ತಿಕೊಂಡು ಆಮ್‌ಸ್ಟರ್‌ಡ್ಯಾಮ್ ದ್ವೀಪ ಮುಟ್ಟಿಸಿತು. ಸಾತ್ಪುರ ಅವರನ್ನು ಕರೆತಂದದ್ದು ಅಲ್ಲಿಂದ.

ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು, ಟೈಟಾನಿಯಂ ಸರಳು ಕೂಡಿಸಿದರು, ನಡಿಗೆಯನ್ನೂ ಹೊಸದಾಗಿ ಕಲಿಯಬೇಕಾಯಿತು. ನೌಕಾಪಡೆಯಿಂದ ನಿವೃತ್ತರಾದ ಟೋಮಿ 2022ರ ಸೆಪ್ಟೆಂಬರ್ 4ರಂದು ಫ್ರಾನ್ಸ್‌ನ ಲೆ ಸಾಬ್ಲ್ ದೊಲೋನ್‌ನಿಂದ 'ಬಯಾನತ್' ಎಂಬ 36 ಅಡಿಯ ದೋಣಿಯಲ್ಲಿ ಮತ್ತೆ ಹೊರಟರು. ಒಟ್ಟು 16 ಮಂದಿ. ಮುಂದಿದ್ದ ಸೈಮನ್ ಕರ್ವೆನ್ ವಿಂಡ್‌ವೇನ್ ಕೆಟ್ಟದ್ದರಿಂದಲೇ ಚಿಲಿಯಲ್ಲಿ ನಿಲ್ಲಬೇಕಾಗಿ ಬಂದು ಮೂಲ ಪಂದ್ಯದಿಂದ ಹೊರಬಿದ್ದರು. ಟೋಮಿಯವರ ವಿಂಡ್‌ವೇನ್ ಕೂಡ ಒಡೆಯಿತು. ಬಿಡಿಭಾಗ ಮುಗಿದಾಗ ಅವರು ದೋಣಿಯ ಶೌಚಾಲಯದ ಬಾಗಿಲನ್ನೇ ಕೊಯ್ದು ಅದಕ್ಕೆ ಬೇಕಾದ ಹಲಗೆ ಮಾಡಿಕೊಂಡರು. 2023ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಮೊದಲಿಗರಾಗಿ ದಡ ಸೇರಿದರು. ಎರಡು ದಿನಗಳ ಬಳಿಕ, 236 ದಿನಗಳ ಯಾನ ಮುಗಿಸಿ, ಎರಡನೆಯವರಾಗಿ ಬಂದದ್ದು ಬಯಾನತ್.